ಸರ್ಚ್‌ಲೈಟು, ಡ್ರಮ್ಮು ಮತ್ತು ಒಂದು ಹಸಿರು ಬಕೆಟ್ಟು

ಹಾಸ್ಟೆಲ್‌ನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಸಿನಿಮಾ ನೋಡೋರಿಗೆಲ್ಲ ಒಂದು ಅಭ್ಯಾಸ ಇರುತ್ತೆ. ಪ್ಲೇ ಒತ್ತಿದ ತಕ್ಷಣ ಬೆರಳು ಬಲಗಡೆ ಬಾಣದ ಕೀ ಮೇಲೆ ಹೋಗುತ್ತೆ. ಟಕ್, ಟಕ್, ಟಕ್. ಸಿಂಹ ಘರ್ಜಿಸೋಕೆ ಬಾಯಿ ತೆಗೆಯೋಷ್ಟರಲ್ಲಿ ಮಾಯ. ಭೂಗೋಳ ಅರ್ಧ ಸುತ್ತೂ ಸುತ್ತಿರಲ್ಲ. ಹಿಮದ ಬೆಟ್ಟಕ್ಕೆ ನಕ್ಷತ್ರಗಳು ಬಂದು ಸೇರೋ ಮುಂಚೆನೇ ಕಥೆ ಶುರು. ನಾನೂ ಹಾಗೇ ಮಾಡ್ತಿದ್ದೆ, ಹೋದ ವರ್ಷದ ರಾಜ್ಯೋತ್ಸವದ ತನಕ.

ಆಮೇಲೆ ಈ ಒಂದು ವರ್ಷದಲ್ಲಿ ಒಂದೇ ಒಂದು ಲೋಗೋವನ್ನ ನೂರಾರು ಸಲ ನೋಡಿದ್ದೀನಿ. ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ದು. ಗೋಪುರದ ಹಾಗೆ ಒಂದರ ಮೇಲೊಂದು ನಿಂತ ಚಿನ್ನದ ಬಣ್ಣದ ಅಕ್ಷರಗಳು, ಆಕಾಶಕ್ಕೆ ಅಡ್ಡಡ್ಡ ಬೀಸೋ ಸರ್ಚ್‌ಲೈಟುಗಳು, ಮೊದಲು ಟರ್ರ್ರ್ ಅಂತ ಡ್ರಮ್ಮು, ಹಿಂದೆನೇ ತುತ್ತೂರಿಗಳು. ಚಿಕ್ಕವನಿದ್ದಾಗ ಮಾವನ ಮನೆಯಲ್ಲಿ ‘ಐಸ್ ಏಜ್’ ಡಿವಿಡಿ ಹಾಕಿದಾಗ ಆ ಡ್ರಮ್ಮಿನ ಸದ್ದಿಗೆ ನಾವು ಮಕ್ಕಳೆಲ್ಲ ಅಡುಗೆಮನೆಯಿಂದ ಓಡಿ ಬರ್ತಿದ್ವಿ. ಸಿನಿಮಾದ ಅರ್ಧ ಕಥೆ ಮರೆತು ಹೋಗಿದೆ. ಡ್ರಮ್ಮು ಮರೆತಿಲ್ಲ.

ಯಾಕೆ ಈ ಒಂದು ಲೋಗೋ ಹಿಂದೆ ಬಿದ್ದೆ ಅಂತ ಹೇಳ್ಬೇಕಂದ್ರೆ ನಮ್ಮ ಕನ್ನಡ ಬಳಗದ ಒಂದು ಅವಮಾನದ ಕಥೆಯಿಂದ ಶುರು ಮಾಡ್ಬೇಕು. ಅವಮಾನ ನಂದೇ, ಬೇರೆ ಯಾರದ್ದೂ ಅಲ್ಲ.

ನಮ್ಮ ಬಳಗದ ಕಿರುಚಿತ್ರ ತಂಡದ ಬಗ್ಗೆ ನಿಮಗೆ ಗೊತ್ತೇ ಇದೆ. ಪ್ರತಿ ವರ್ಷ ರಾಜ್ಯೋತ್ಸವಕ್ಕೆ ಸೆಮಿನಾರ್ ಹಾಲ್‌ನಲ್ಲಿ ಒಂದು ಕಿರುಚಿತ್ರ ತೋರಿಸ್ತೀವಿ. ಅದರ ಮುಂಚೆ ಹತ್ತು ಹನ್ನೆರಡು ಸೆಕೆಂಡಿನ ಒಂದು ಲೋಗೋ. ಹಳೇ ಲೋಗೋ ನೋಡಿದವರಿಗೆ ನೆನಪಿರುತ್ತೆ. ರಟ್ಟಿನಲ್ಲಿ ಕತ್ತರಿಸಿದ ಅಕ್ಷರಗಳು, ಹಿಂದಿನಿಂದ ಯಾರೋ ಟಾರ್ಚ್ ಅಲ್ಲಾಡಿಸ್ತಾರೆ, ಒಂದು ಮೂಲೆಯಲ್ಲಿ ಅವರ ಮೊಣಕೈ ಕೂಡ ಕಾಣುತ್ತೆ. ಸದ್ದು ಮಾತ್ರ ‘ಧಡ್ ಧಡ ಧಡ್, ಧಡ್ ಧಡ ಧಡ್’. ಹಾಸ್ಟೆಲ್ ಬಾತ್‌ರೂಮಿನ ಹಸಿರು ಬಕೆಟ್ ಬಡಿದು ರೆಕಾರ್ಡ್ ಮಾಡಿದ್ದಂತೆ. ಅದು ಶುರುವಾದ್ರೆ ಸಾಕು, ಹಿಂದಿನ ಬೆಂಚಿನಿಂದ ಮುಂದಿನ ಬೆಂಚಿನ ತನಕ ಎಲ್ರೂ ಡೆಸ್ಕ್ ಬಡಿಯೋರು.

ಐದನೇ ಸೆಮ್‌ನಲ್ಲಿ ತಂಡದವರು ನನಗೆ ಹೇಳಿದ್ರು, ‘ನಿನಗೆ ಬ್ಲೆಂಡರ್ ಬರುತ್ತಲ್ಲ, ಲೋಗೋ ಹೊಸದು ಮಾಡು, ಇದು ನೋಡೋಕೆ ಆಗ್ತಿಲ್ಲ.’ ನನಗೆ ಅಷ್ಟೇ ಬೇಕಿತ್ತು. ರೆಫರೆನ್ಸ್‌ಗೆ ಫಾಕ್ಸ್ ಲೋಗೋನೇ ಇಟ್ಕೊಂಡೆ. ಗೋಪುರ ಮಾಡಿದೆ, ಸರ್ಚ್‌ಲೈಟ್ ಹಾಕಿದೆ, ಕ್ಯಾಮೆರಾನ ಮೇಲಿಂದ ಕೆಳಗೆ ಬೀಸಿ ತಂದೆ. ಇಪ್ಪತ್ತು ಸೆಕೆಂಡು, ಸೆಕೆಂಡಿಗೆ 24 ಫ್ರೇಮ್, ಒಟ್ಟು 480 ಫ್ರೇಮು. ನನ್ನ ಲ್ಯಾಪ್‌ಟಾಪಿಗೆ ಒಂದು ಫ್ರೇಮಿಗೆ ನಾಲ್ಕು ನಿಮಿಷ. ಲೆಕ್ಕ ಹಾಕಿ, 32 ಗಂಟೆ. ಎರಡು ರಾತ್ರಿ ಫ್ಯಾನ್ ಕೆಳಗೆ ಲ್ಯಾಪ್‌ಟಾಪ್ ಮಲಗಿಸಿ, ನಾನು ಸೆಖೆಯಲ್ಲಿ ಮಲಗಿದ್ದೆ. ಕೊನೆಗೆ ಎಲ್ಲಿಂದಲೋ ಫ್ರೀಯಾಗಿ ಸಿಗೋ ಭರ್ಜರಿ ಟ್ರೇಲರ್ ಮ್ಯೂಸಿಕ್ ಒಂದನ್ನ ಅಂಟಿಸಿದೆ. ಬಳಗದ ಡ್ರೈವ್‌ನಲ್ಲಿ ಜಾಗ ಸಾಲ್ತಿರಲಿಲ್ಲ ಅಂತ ಹಳೇ ಲೋಗೋದ ಫೋಲ್ಡರ್ ಡಿಲೀಟ್ ಮಾಡಿದೆ. ಯಾರನ್ನೂ ಕೇಳಲಿಲ್ಲ.

ಶೋ ದಿನ ಲೈಟ್ ಆಫ್ ಆಯ್ತು. ನನ್ನ ಗೋಪುರ ಬಂತು. ಹಾಲ್ ಪೂರ್ತಿ ಮೌನ. ಕೆಟ್ಟ ಮೌನ ಅಲ್ಲ, ಜಾಹೀರಾತು ನೋಡುವಾಗ ಇರುತ್ತಲ್ಲ, ಆ ಥರದ್ದು. ಮುಗಿಯೋ ಹೊತ್ತಿಗೆ ಹಿಂದಿನ ಬೆಂಚಿನಿಂದ ಯಾರೋ ಒಬ್ಬ ಡೆಸ್ಕ್ ಮೇಲೆ ‘ಧಡ್ ಧಡ ಧಡ್’ ಅಂತ ಬಡಿದ. ಇಡೀ ಹಾಲ್ ನಕ್ಕುಬಿಡ್ತು.

ಹಳೇ ಲೋಗೋ ಮಾಡಿದ್ದ ಸೀನಿಯರ್ ಆವತ್ತು ಬಂದಿದ್ರು. ಪಾಸಾಗಿ ಕೆಲಸಕ್ಕೆ ಸೇರಿ ಎಷ್ಟೋ ವರ್ಷ ಆದ್ರೂ ರಾಜ್ಯೋತ್ಸವಕ್ಕೆ ರಜೆ ಹಾಕಿ ಬರೋ ಮನುಷ್ಯ. ಹೊರಗೆ ಕಾಫಿ ಕುಡಿಯುವಾಗ ಬೆನ್ನು ತಟ್ಟಿದ್ರು. ‘ರೆಂಡರ್ ಸಖತ್ತಾಗಿದೆ ಕಣೋ’ ಅಂದ್ರು. ಆಮೇಲೆ ಮೆಲ್ಲಗೆ, ‘ಬಕೆಟ್ ಎಲ್ಲಿ ಹೋಯ್ತು?’

ನನ್ನ ಹತ್ರ ಉತ್ತರ ಇರಲಿಲ್ಲ.

ಆ ರಾತ್ರಿ ಕೋಪದಲ್ಲಿ ಫಾಕ್ಸ್ ಲೋಗೋದ ಹಳೇ ಆವೃತ್ತಿಗಳನ್ನೆಲ್ಲ ಹುಡುಕಿ ಒಂದರ ಹಿಂದೆ ಒಂದು ನೋಡೋಕೆ ಶುರು ಮಾಡಿದೆ. ಇವರು ಎಷ್ಟು ಸಲ ಬದಲಾಯಿಸಿದ್ದಾರೆ, ಯಾರೂ ನಗಲಿಲ್ವಾ ಅಂತ ಸಾಬೀತು ಮಾಡ್ಕೊಳ್ಳೋಣ ಅಂತ. ಸಾಬೀತಾಗಿದ್ದು ಬೇರೆ.

ಕಥೆ 1933ರಿಂದ. ಜೋಸೆಫ್ ಶೆಂಕ್ ಮತ್ತು ಡ್ಯಾರಿಲ್ ಝಾನಕ್ ಅನ್ನೋ ಇಬ್ಬರು ಸೇರಿ ಹಾಲಿವುಡ್‌ನಲ್ಲಿ ಟ್ವೆಂಟಿಯತ್ ಸೆಂಚುರಿ ಪಿಕ್ಚರ್ಸ್ ಅಂತ ಹೊಸ ಕಂಪನಿ ಶುರು ಮಾಡಿದ್ರು. ಗಮನಿಸಿ, ಹೆಸರಲ್ಲಿ ಇನ್ನೂ ಫಾಕ್ಸ್ ಇಲ್ಲ. ಹೊಸ ಕಂಪನಿಗೆ ಗತ್ತು ಬೇಕಲ್ಲ. ಎಮಿಲ್ ಕೋಸಾ ಜೂನಿಯರ್ ಅನ್ನೋ ಚಿತ್ರಕಾರ ಆ ಗೋಪುರವನ್ನ ಬರೆದರು. ಆಲ್ಫ್ರೆಡ್ ನ್ಯೂಮನ್ ಅನ್ನೋ ಸಂಗೀತಗಾರ ಆ ಡ್ರಮ್ಮು ತುತ್ತೂರಿಯ ತುಣುಕನ್ನ ಬರೆದರು. ಎರಡು ವರ್ಷದ ನಂತರ, 1935ರಲ್ಲಿ, ಈ ಕಂಪನಿ ವಿಲಿಯಂ ಫಾಕ್ಸ್ 1915ರಲ್ಲಿ ಕಟ್ಟಿದ್ದ ಫಾಕ್ಸ್ ಫಿಲ್ಮ್ ಕಂಪನಿ ಜೊತೆ ಸೇರಿಕೊಂಡಿತು. ಆಗ ಗೋಪುರದ ಕೆಳಗಿನ ಸಾಲಲ್ಲಿದ್ದ ‘ಪಿಕ್ಚರ್ಸ್’ ಹೋಗಿ ‘ಫಾಕ್ಸ್’ ಬಂತು. ಸಂಗೀತ ಹಾಗೇ ಉಳಿಯಿತು.

ಈಗ ನಮ್ಮ ಬ್ರಾಂಚಿನವರು ಕೇಳೋ ಪ್ರಶ್ನೆ, ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದನ್ನ ಹೇಗಪ್ಪಾ ಮಾಡಿದ್ರು? ಗಾಜಿನ ಮೇಲೆ. ಗೋಪುರ, ಆಕಾಶ, ಬೆಳಕಿನ ಕೋಲುಗಳು, ಎಲ್ಲವನ್ನೂ ಬೇರೆ ಬೇರೆ ಗಾಜಿನ ಹಲಗೆಗಳ ಮೇಲೆ ಪೇಂಟ್ ಮಾಡಿ, ಒಂದರ ಹಿಂದೆ ಒಂದು ಜೋಡಿಸಿ, ಬೆಳಕಿನ ಕೋಲನ್ನ ಸ್ವಲ್ಪ ಸ್ವಲ್ಪ ಸರಿಸಿ ಒಂದೊಂದು ಫ್ರೇಮ್ ಶೂಟ್ ಮಾಡೋದು. ನಾವು ಫೋಟೋಶಾಪ್‌ನಲ್ಲಿ ಲೇಯರ್ ಅಂತೀವಲ್ಲ, ಅದು ಇಲ್ಲಿ ನಿಜವಾಗ್ಲೂ ಲೇಯರು, ಕೈ ಜಾರಿದ್ರೆ ಒಡೆದು ಹೋಗೋ ಲೇಯರು. ಅಂಡೂ ಇಲ್ಲ, ಕಂಟ್ರೋಲ್ ಝೆಡ್ಡೂ ಇಲ್ಲ.

ಇನ್ನೊಂದು ವಿಷಯ. ಆ ಮೊದಲ ಲೋಗೋದಲ್ಲಿ ಕ್ಯಾಮೆರಾ ಅಲ್ಲಾಡೋದೇ ಇಲ್ಲ. ಗೋಪುರವೂ ಅಲ್ಲಾಡಲ್ಲ. ಅಲ್ಲಾಡೋದು ಬೆಳಕು ಮಾತ್ರ. ಆ ಕಾಲದಲ್ಲಿ ಹಾಲಿವುಡ್‌ನಲ್ಲಿ ದೊಡ್ಡ ಸಿನಿಮಾದ ಪ್ರೀಮಿಯರ್ ಇದ್ರೆ ಥಿಯೇಟರ್ ಮುಂದೆ ಸರ್ಚ್‌ಲೈಟ್ ಹಾಕಿ ಆಕಾಶಕ್ಕೆ ಬೀಸೋರು. ದೂರದಿಂದ ನೋಡಿದವರಿಗೆ ಅಲ್ಲೇನೋ ನಡೀತಿದೆ ಅಂತ ಗೊತ್ತಾಗೋದು. ನಮ್ಮೂರ ಜಾತ್ರೆ ಅಥವಾ ನಾಟಕದ ಟೆಂಟಿನ ಲೈಟ್ ಪಕ್ಕದ ಹಳ್ಳಿಗೆ ಕಾಣ್ತಿದ್ದ ಹಾಗೆ. ಅಂದ್ರೆ ಲೋಗೋ ಹೇಳ್ತಿದ್ದ ಮಾತು ಇಷ್ಟೇ: ಬನ್ನಿ, ಈಗ ಶುರು.

ನಾನು ನನ್ನ ಬ್ಲೆಂಡರ್ ಗೋಪುರಕ್ಕೆ ಸರ್ಚ್‌ಲೈಟ್ ಹಾಕಿದ್ದೆ ನಿಜ. ಯಾಕೆ ಹಾಕಿದೆ ಅಂತ ಕೇಳಿದ್ರೆ ‘ಅಲ್ಲಿತ್ತು, ಇಲ್ಲೂ ಹಾಕಿದೆ’ ಅನ್ನಬೇಕಾಗ್ತಿತ್ತು.

ಮುಂದಿನ ತಿರುವು 1953. ಟಿವಿ ಮನೆಮನೆಗೆ ಬಂದು ಅಮೆರಿಕದ ಥಿಯೇಟರುಗಳು ಖಾಲಿ ಹೊಡೀತಿದ್ದ ಕಾಲ. ಜನರನ್ನ ವಾಪಸ್ ಕರೆಸೋಕೆ ಫಾಕ್ಸ್‌ನವರು ಸಿನಿಮಾಸ್ಕೋಪ್ ತಂದರು. ಆನ್ರಿ ಕ್ರೆಟಿಯನ್ ಅನ್ನೋ ಫ್ರೆಂಚ್ ವಿಜ್ಞಾನಿ ರೂಪಿಸಿದ್ದ ಅನಾಮಾರ್ಫಿಕ್ ಲೆನ್ಸ್ ಅದಕ್ಕೆ ಆಧಾರ. ಶೂಟ್ ಮಾಡುವಾಗ ದೃಶ್ಯವನ್ನ ಅಡ್ಡಕ್ಕೆ ಅರ್ಧದಷ್ಟು ಹಿಂಡಿ ಮಾಮೂಲಿ ಫಿಲ್ಮ್‌ನಲ್ಲಿ ಕೂರಿಸೋದು, ಪ್ರೊಜೆಕ್ಟರ್‌ನಲ್ಲಿ ಅದೇ ಥರದ ಲೆನ್ಸ್ ಹಾಕಿ ಮತ್ತೆ ಅಗಲಿಸೋದು. ಹಿಂದೆ 1.37 ಅನುಪಾತದಲ್ಲಿದ್ದ ಪರದೆ ಒಂದೇ ಏಟಿಗೆ 2.55 ಆಯ್ತು. ಹತ್ತಿರ ಹತ್ತಿರ ಎರಡು ಪಟ್ಟು ಅಗಲ. ‘ದಿ ರೋಬ್’ ಈ ಪದ್ಧತಿಯಲ್ಲಿ ಬಂದ ಮೊದಲ ಸಿನಿಮಾ.

ಪರದೆ ಅಗಲ ಆದ್ರೆ ಲೋಗೋ ಕಥೆ ಏನು? ಚೌಕದ ಹತ್ತಿರ ಇದ್ದ ಚೌಕಟ್ಟಿಗೆ ಬರೆದ ಎತ್ತರದ ಗೋಪುರ, ಅಗಲದ ಪರದೆಯಲ್ಲಿ ಒಂಟಿ ಕಂಬದ ಹಾಗೆ ಕಾಣುತ್ತೆ. ರಾಕಿ ಲಾಂಗೊ ಅನ್ನೋ ಕಲಾವಿದರು ಹೊಸ ಅನುಪಾತಕ್ಕೆ ಇದನ್ನ ಮತ್ತೆ ಬರೆದರು. ಅಗಲದಲ್ಲಿ ಅಳತೆ ಹೊಂದಲಿ ಅಂತ ಅವರು ಮಾಡಿದ ಒಂದು ಉಪಾಯ ನೋಡಿ. 20ರಲ್ಲಿರೋ ಸೊನ್ನೆಯನ್ನ ಸ್ವಲ್ಪ ವಾಲಿಸಿಬಿಟ್ರು! ಹಳೇ ಸಿನಿಮಾಗಳಲ್ಲಿ ಪಾಸ್ ಒತ್ತಿ ನೋಡಿ, ಸೊನ್ನೆ ಸೊಟ್ಟಗಿರುತ್ತೆ. 1981ರಲ್ಲಿ ಅದೇ ಲಾಂಗೊ ಎಂಟು ಪದರದ ಗಾಜುಗಳನ್ನ ಮತ್ತೆ ಪೇಂಟ್ ಮಾಡಿ ಸೊನ್ನೆಯನ್ನ ನೆಟ್ಟಗೆ ಮಾಡಿದರು. ತಾನೇ ವಾಲಿಸಿದ ಸೊನ್ನೆಯನ್ನ 28 ವರ್ಷ ಆದ್ಮೇಲೆ ತಾನೇ ನೆಟ್ಟಗೆ ಮಾಡೋದು! ನಾವು ಪ್ರಾಜೆಕ್ಟ್ ಸಬ್ಮಿಟ್ ಮಾಡಿದ ಮಾರನೇ ದಿನ ಆ ಕೋಡ್ ತೆರೆಯಲ್ಲ.

ಪರದೆ ಅಗಲವಾದಾಗ ಸಂಗೀತವೂ ಉದ್ದ ಆಯ್ತು. ‘ಸಿನಿಮಾಸ್ಕೋಪ್’ ಅನ್ನೋ ಹೆಸರನ್ನೂ ತೋರಿಸಬೇಕಿತ್ತಲ್ಲ, ಅದಕ್ಕೆ ನ್ಯೂಮನ್ ತಮ್ಮದೇ ತುಣುಕಿಗೆ ಬಾಲ ಸೇರಿಸಿದರು. ನಾವು ಇವತ್ತು ಕೇಳೋದು, ತುತ್ತೂರಿ ಮುಗಿದ ಮೇಲೆ ಪಿಟೀಲುಗಳು ಎದ್ದು ಬರುತ್ತವಲ್ಲ, ಆ ಭಾಗ ಹೀಗೆ ಹುಟ್ಟಿದ್ದು. ಈ ನ್ಯೂಮನ್ ಸಾಮಾನ್ಯ ಮನುಷ್ಯ ಅಲ್ಲ. ಒಂಬತ್ತು ಆಸ್ಕರ್ ಗೆದ್ದವರು. ಕೋಸಾ ಕೂಡ ಮುಂದೆ ‘ಕ್ಲಿಯೋಪಾತ್ರ’ ಸಿನಿಮಾದ ಸ್ಪೆಷಲ್ ಎಫೆಕ್ಟ್ಸ್‌ಗೆ ಆಸ್ಕರ್ ಪಡೆದರು. ಆದ್ರೆ ಇವರಿಬ್ಬರ ಅತಿ ಹೆಚ್ಚು ಜನ ನೋಡಿದ, ಕೇಳಿದ ಕೆಲಸ ಯಾವುದು? ಈ ಕೆಲವು ಸೆಕೆಂಡುಗಳು. ಅದರಲ್ಲಿ ಇವರ ಹೆಸರೇ ಇಲ್ಲ. ಹಾಡಿಗೆ ಟೈಟಲ್ ಕಾರ್ಡ್ ಇರುತ್ತೆ, ಫೈಟಿಗೆ ಇರುತ್ತೆ, ಲೋಗೋಗೆ ಇರಲ್ಲ. ಯಾಕಂದ್ರೆ ಟೈಟಲ್ ಕಾರ್ಡ್ ಶುರುವಾಗೋದೇ ಲೋಗೋ ಮುಗಿದ ಮೇಲೆ.

ಇಲ್ಲಿಗೆ ಬರೋ ಹೊತ್ತಿಗೆ ಬೆಳಗಿನ ಜಾವ ಮೂರು ಗಂಟೆ. ಆ ಬಕೆಟ್ ಬಡಿದವರು ಯಾರು ಅಂತ ನನಗೆ ಮೊದಲ ಸಲ ಅನ್ನಿಸಿತು. ಸೀನಿಯರ್ ಅಂತ ನಾನು ಅಂದುಕೊಂಡಿದ್ದೆ. ಕೇಳಿರಲಿಲ್ಲ.

ಕಥೆ ಮುಂದುವರಿಸ್ತೀನಿ. 1970ರಲ್ಲಿ ನ್ಯೂಮನ್ ತೀರಿಕೊಂಡರು. ಆ ದಶಕದಲ್ಲಿ ಅವರ ಸಂಗೀತದ ಬಳಕೆಯೂ ಕಡಿಮೆಯಾಗಿತ್ತು. ಹಳೇ ಕಾಲದ್ದು, ಅತಿಯಾಯ್ತು ಅನ್ನೋ ಹಾಗೆ. ಆಗ 1977ರಲ್ಲಿ ಜಾರ್ಜ್ ಲೂಕಾಸ್ ‘ಸ್ಟಾರ್ ವಾರ್ಸ್’ ಮಾಡಿದರು. ಅವರಿಗೆ ಚಿಕ್ಕಂದಿನಿಂದ ಕೇಳಿದ್ದ ಆ ಸಂಗೀತವೇ ಬೇಕಿತ್ತು, ಉದ್ದದ ಆವೃತ್ತಿನೇ. ಹಳೇ ರೆಕಾರ್ಡಿಂಗ್ ಹುಡುಕಿ ತಂದು ಹಾಕಿದರು. ಜಾನ್ ವಿಲಿಯಮ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಸ್ಟಾರ್ ವಾರ್ಸ್‌ನ ಮುಖ್ಯ ಸಂಗೀತವನ್ನ ಫಾಕ್ಸ್ ತುಣುಕಿನ ಸ್ವರಶ್ರೇಣಿಯಲ್ಲೇ, ಬಿ ಫ್ಲಾಟ್ ಮೇಜರ್‌ನಲ್ಲೇ ಬರೆದರು. ನಮ್ಮ ಸಂಗೀತದ ಭಾಷೆಯಲ್ಲಿ ಹೇಳೋದಾದ್ರೆ ಅದೇ ಶ್ರುತಿ ಹಿಡಿದರು. ಹಾಗಾಗಿ ಲೋಗೋ ಎಲ್ಲಿ ಮುಗೀತು, ಸಿನಿಮಾ ಎಲ್ಲಿ ಶುರುವಾಯ್ತು ಅಂತ ಕಿವಿಗೆ ಗೊತ್ತೇ ಆಗಲ್ಲ. ಒಂದೇ ಉಸಿರು.

ಇದರ ಬೆಲೆ ಎಷ್ಟು ಅಂತ ಗೊತ್ತಾಗಿದ್ದು 2015ರಲ್ಲಿ. ಅಷ್ಟು ಹೊತ್ತಿಗೆ ಲೂಕಾಸ್ ಕಂಪನಿ ಡಿಸ್ನಿಯ ಕೈಗೆ ಹೋಗಿತ್ತು. ‘ದಿ ಫೋರ್ಸ್ ಅವೇಕನ್ಸ್’ ಬಂತು, ಮುಂದೆ ಫಾಕ್ಸ್ ಲೋಗೋ ಇಲ್ಲ. ಸರ್ಚ್‌ಲೈಟ್ ಇಲ್ಲ, ಡ್ರಮ್ಮು ಇಲ್ಲ. ಮೌನದಲ್ಲಿ ಲೂಕಾಸ್‌ಫಿಲ್ಮ್ ಹೆಸರು, ಆಮೇಲೆ ಸೀದಾ ಸಿನಿಮಾ. ಕಥೆಗೆ ಏನೂ ಕಮ್ಮಿ ಆಗಲಿಲ್ಲ. ಆದ್ರೂ ಹಳೇ ಅಭಿಮಾನಿಗಳಿಗೆ ಆ ಮೌನ ಚುಚ್ಚಿತು. ಇದನ್ನ ಓದಿದಾಗ ನನಗೆ ನಮ್ಮ ಸೆಮಿನಾರ್ ಹಾಲ್ ಕಣ್ಣ ಮುಂದೆ ಬಂತು. ಬೇರೆ ವಿವರಣೆ ಬೇಡ ಅಂದ್ಕೋತೀನಿ.

1994ರಲ್ಲಿ ಗಾಜು ಹೋಗಿ ಕಂಪ್ಯೂಟರ್ ಬಂತು. ‘ಟ್ರೂ ಲೈಸ್’ ಸಿನಿಮಾದಿಂದ. ಅರವತ್ತು ವರ್ಷ ನಿಂತಲ್ಲೇ ನಿಂತಿದ್ದ ಕ್ಯಾಮೆರಾ ಮೊದಲ ಸಲ ಹಾರಿತು. ಅಕ್ಷರಗಳ ತುದಿಯಿಂದ ಶುರುವಾಗಿ ಹಿಂದಕ್ಕೆ ಸರಿದು, ಬಳಸಿ, ಕೊನೆಗೆ 1935ರಲ್ಲಿ ಎಲ್ಲಿ ನಿಂತಿತ್ತೋ ಅಲ್ಲೇ ಬಂದು ನಿಲ್ಲುತ್ತೆ. ಇದನ್ನ ನಾನು ನಿಧಾನ ಮಾಡಿ ಹತ್ತಾರು ಸಲ ನೋಡಿದೆ. ಹೊಸ ತಂತ್ರಜ್ಞಾನ ಸಿಕ್ಕಿದೆ, ಏನು ಬೇಕಾದ್ರೂ ಮಾಡಬಹುದು. ಗೋಪುರ ತಿರುಗಿಸಬಹುದು, ಒಡೆದು ಜೋಡಿಸಬಹುದು. ಅವರು ಮಾಡಿದ್ದು ಜನಕ್ಕೆ ಗೊತ್ತಿರೋ ಕೋನಕ್ಕೆ ಬಂದು ಮುಗಿಸೋದು. ಫ್ಲೈಓವರ್ ಹೊಸದು, ಆದ್ರೆ ಇಳಿಯೋದು ಅದೇ ಹಳೇ ಸ್ಟಾಪಿಗೆ.

ಈ 1994ರ ಲೋಗೋದಲ್ಲಿ ಇನ್ನೊಂದು ಗುಟ್ಟಿದೆ. ಗೋಪುರದ ಹಿಂದೆ ರಾತ್ರಿಯ ಊರು ಕಾಣುತ್ತೆ, ಬೆಟ್ಟದ ಮೇಲೆ ಹಾಲಿವುಡ್ ಅನ್ನೋ ಬೋರ್ಡ್ ಇದೆ, ಕೆಳಗೆ ಅಂಗಡಿಗಳಿವೆ. ಅಂಗಡಿಗಳಿಗೆ ಪುಟಾಣಿ ಬೋರ್ಡುಗಳಿವೆ. ಮಾಮೂಲಿ ಸ್ಪೀಡಿನಲ್ಲಿ ಓದೋಕೆ ಆಗಲ್ಲ. ಒಂದರಲ್ಲಿ ಕಂಪನಿಯ ಒಡೆಯ ಮರ್ಡಾಕ್ ಹೆಸರಿನ ಡಿಪಾರ್ಟ್‌ಮೆಂಟ್ ಸ್ಟೋರ್. ಇನ್ನೊಂದು ‘ಬರ್ನ್ಸ್ ಟ್ರೈ-ಸಿಟಿ ಅಲಾರ್ಮ್’. ಒಡೆಯನ ಹೆಸರು ಸರಿ, ಅಲಾರ್ಮ್ ಅಂಗಡಿ ಯಾಕೆ? ಈ ಲೋಗೋ ಮಾಡಿಸಿದ ನಿರ್ಮಾಪಕ ಕೆವಿನ್ ಬರ್ನ್ಸ್. ಅವರ ತಂದೆ ನ್ಯೂಯಾರ್ಕ್ ರಾಜ್ಯದ ಉತ್ತರದ ಕಡೆ ಕಳ್ಳತನ, ಬೆಂಕಿಯ ಅಲಾರ್ಮ್‌ಗಳ ಸಣ್ಣ ಕಂಪನಿ ನಡೆಸ್ತಿದ್ದವರು. ಆಗ ಅವರು ಬದುಕಿರಲಿಲ್ಲ. ಮಗ ತಾನು ಮಾಡಿಸಿದ ಲೋಗೋದೊಳಗೆ ಅಪ್ಪನ ಅಂಗಡಿ ತೆರೆದುಬಿಟ್ಟ.

ನಾವು ಬಾಣದ ಕೀ ಒತ್ತಿ ಹಾರಿಸಿದ ಎಷ್ಟೋ ಸಿನಿಮಾಗಳ ಮುಂದೆ ಆ ಅಂಗಡಿ ಇತ್ತು. ಇದು ಗೊತ್ತಾದ ಮೇಲೆ ನನಗೆ ಆ ಕೀ ಒತ್ತೋಕೆ ಕೈ ಬಂದಿಲ್ಲ.

1997ರಲ್ಲಿ ‘ಅನಸ್ತೇಸಿಯಾ’ ಬಂದಾಗ ಈ ಸಂಗೀತವನ್ನ ಮತ್ತೆ ರೆಕಾರ್ಡ್ ಮಾಡಿಸಿದರು. ಮಾಡಿದ್ದು ಡೇವಿಡ್ ನ್ಯೂಮನ್, ಆಲ್ಫ್ರೆಡ್ ಅವರ ಮಗ. ಅಪ್ಪ ಬರೆದ ಸ್ವರಗಳು, ಮಗನ ಕೈಯಲ್ಲಿ. 2009ರಲ್ಲಿ ಲೋಗೋವನ್ನ ಮತ್ತೆ ಹೊಸದಾಗಿ ಮಾಡಿದ್ದು ಬ್ಲೂ ಸ್ಕೈ ಸ್ಟುಡಿಯೋಸ್, ಅದೇ ‘ಐಸ್ ಏಜ್’ ಮಾಡಿದವರು. ಅದು ತೆರೆಗೆ ಬಂದಿದ್ದು ‘ಅವತಾರ್’ ಜೊತೆ. ಊರು ಇನ್ನೂ ದಟ್ಟವಾಯ್ತು, ಬೆಳಕು ಇನ್ನೂ ನಿಜ ಅನ್ನಿಸ್ತು. ಕ್ಯಾಮೆರಾ ಮಾತ್ರ ಮತ್ತೆ ಅದೇ ಹಳೇ ಸ್ಟಾಪಿಗೇ ಇಳಿಯಿತು.

ಇದರ ಮಧ್ಯೆ ತಮಾಷೆಗಳೂ ಆದವು. 1992ರ ‘ಏಲಿಯನ್ 3’ನಲ್ಲಿ ಸಂಗೀತ ಕೊನೆಯ ಸ್ವರಕ್ಕೆ ಮುಂಚೆ ಸಿಕ್ಕಿಹಾಕಿಕೊಂಡು ಭಯ ಹುಟ್ಟಿಸೋ ಹಾಗೆ ಎಳೆದುಕೊಂಡು ಹೋಗುತ್ತೆ. 2007ರ ‘ದಿ ಸಿಂಪ್ಸನ್ಸ್ ಮೂವಿ’ಯಲ್ಲಿ ರಾಲ್ಫ್ ಅನ್ನೋ ಪೆದ್ದು ಹುಡುಗ ಲೋಗೋ ಜೊತೆ ತಾನೂ ಹಾಡ್ತಾನೆ. 2018ರ ‘ಬೊಹೀಮಿಯನ್ ರಾಪ್ಸೊಡಿ’ಯಲ್ಲಿ ಕ್ವೀನ್ ಬ್ಯಾಂಡಿನ ಬ್ರಯಾನ್ ಮೇ ಮತ್ತು ರೋಜರ್ ಟೇಲರ್ ಅದನ್ನ ಗಿಟಾರ್, ಡ್ರಮ್ಸ್‌ನಲ್ಲಿ ನುಡಿಸಿದ್ದಾರೆ. ತಮಾಷೆ ಮಾಡೋಕೆ ಆಗೋದು ಎಲ್ಲರಿಗೂ ಬಾಯಿಪಾಠ ಇರೋದನ್ನ ಮಾತ್ರ. ನಮ್ಮ ಹಿಂದಿನ ಬೆಂಚಿನ ಹುಡುಗ ಡೆಸ್ಕ್ ಬಡಿದಿದ್ದೂ ಅದಕ್ಕೇ. ಅವನು ನನ್ನನ್ನ ಅಣಕಿಸಲಿಲ್ಲ, ಅವನಿಗೆ ಬರೋದನ್ನ ಬಡಿದ ಅಷ್ಟೇ. ಇದು ಅರ್ಥ ಆಗೋಕೆ ನನಗೆ ಒಂದು ತಿಂಗಳು ಬೇಕಾಯ್ತು.

ಕೊನೆಯ ತಿರುವು. 2019ರಲ್ಲಿ ಡಿಸ್ನಿ ಈ ಸ್ಟುಡಿಯೋವನ್ನೇ ಕೊಂಡುಕೊಂಡಿತು. 2020ರ ಜನವರಿಯಲ್ಲಿ ‘ಫಾಕ್ಸ್’ ಅನ್ನೋ ಹೆಸರನ್ನ ಕಿತ್ತು ‘ಟ್ವೆಂಟಿಯತ್ ಸೆಂಚುರಿ ಸ್ಟುಡಿಯೋಸ್’ ಅಂತ ಮಾಡಿದರು. ‘ದಿ ಕಾಲ್ ಆಫ್ ದಿ ವೈಲ್ಡ್’ ಹೊಸ ಹೆಸರಲ್ಲಿ ಬಂದ ಮೊದಲ ಸಿನಿಮಾ. ಮರುವರ್ಷ ಬ್ಲೂ ಸ್ಕೈ ಸ್ಟುಡಿಯೋವನ್ನೂ ಮುಚ್ಚಿದರು. ಈಗ ಲೋಗೋ ನೋಡಿ. ಗೋಪುರ ಇದೆ. ಸರ್ಚ್‌ಲೈಟ್ ಇದೆ. ಡ್ರಮ್ಮು ಇದೆ. ಕೆಳಗಿನ ಸಾಲಿನ ಪದ ಮಾತ್ರ ಮತ್ತೆ ಬದಲಾಗಿದೆ. 1935ರಲ್ಲಿ ಬಂದ ಹೆಸರು 85 ವರ್ಷ ಇದ್ದು ಹೋಯ್ತು. ಹೆಸರು ಬರೋಕೆ ಎರಡು ವರ್ಷ ಮುಂಚೆ ಬರೆದ ಸಂಗೀತ, ಹೆಸರು ಹೋದ ಮೇಲೂ ಉಳಿದಿದೆ. ಬರೆದ ಮನುಷ್ಯ ತೀರಿಕೊಂಡು ಐವತ್ತು ವರ್ಷ ದಾಟಿದೆ.

ಇಷ್ಟು ನೋಡಿದ ಮೇಲೆ ನನ್ನ ತಪ್ಪು ಏನು ಅಂತ ಗೊತ್ತಾಯ್ತು. ಲೋಗೋ ಹೊಸದು ಮಾಡಿದ್ದು ತಪ್ಪಲ್ಲ. ಅವರೂ ಗಾಜಿನಿಂದ ಕಂಪ್ಯೂಟರ್‌ಗೆ ಬಂದವರೇ. ಏನನ್ನ ಬದಲಾಯಿಸಬಹುದು, ಏನನ್ನ ಮುಟ್ಟಬಾರದು ಅಂತ ಯೋಚಿಸದೆ ಫೋಲ್ಡರ್ ಡಿಲೀಟ್ ಮಾಡಿದ್ದು ತಪ್ಪು. ನಮ್ಮ ಲೋಗೋದಲ್ಲಿ ಜನಕ್ಕೆ ಬೇಕಿದ್ದದ್ದು ರಟ್ಟಿನ ಅಕ್ಷರ ಅಲ್ಲ, ಆ ಮೊಣಕೈಯೂ ಅಲ್ಲ. ಬಕೆಟ್ಟು.

ಹಳೇ ಸದ್ದು ಎಲ್ಲೂ ಸಿಗಲಿಲ್ಲ. ಕೊನೆಗೆ ಸೀನಿಯರ್ ಫೋನಿನಲ್ಲಿ ವಾಟ್ಸಾಪ್‌ನಲ್ಲಿ ಸುತ್ತಿ ಸುತ್ತಿ ಸವೆದು ಹೋದ ಒಂದು ವಿಡಿಯೋ ಇತ್ತು. ಮಧ್ಯೆ ಯಾರದ್ದೋ ಕೆಮ್ಮು, ಯಾರದ್ದೋ ನಗು. ಬಳಸೋಕೆ ಆಗಲ್ಲ. ಸರಿ, ನಾವೇ ಮತ್ತೆ ಬಡಿಯೋಣ ಅಂತ ನಾನೂ ನನ್ನ ರೂಮ್‌ಮೇಟೂ ಬಾತ್‌ರೂಮಿಗೆ ಹೋದ್ವಿ. ಬಕೆಟ್ ಬೋರಲು ಹಾಕಿ ಬಡಿದ್ವಿ. ಡಬ್ ಡಬ್ ಅಂತ ಖಾಲಿ ಡಬ್ಬದ ಸದ್ದು. ಕೈಯಲ್ಲಿ ಬಡಿದ್ವಿ, ಸ್ಕೇಲಲ್ಲಿ ಬಡಿದ್ವಿ, ವಾರ್ಡನ್ ಬಂದು ಬೈದು ಹೋದ್ರು. ಮಾರನೇ ದಿನ ಸೀನಿಯರ್‌ಗೆ ಫೋನ್ ಮಾಡಿದೆ.

‘ಅಣ್ಣ, ಬರ್ತಿಲ್ಲ.’

‘ಬರಲ್ಲ ಕಣೋ. ಬಕೆಟ್ ಕೆಳಗೆ ಒದ್ದೆ ಟವಲ್ ಹಾಸು. ರಬ್ಬರ್ ಚಪ್ಪಲಿಯಲ್ಲಿ ಹೊಡಿ. ಆಮೇಲೆ ನೀನು ತಾಳ ತಪ್ಪು ಹಾಕ್ತಿದ್ದೀಯ, ಮೂರನೇ ಏಟಿಗೆ ಮುಂಚೆ ಒಂಚೂರು ತಡೀಬೇಕು.’

‘ನಿಮಗೆ ಇದೆಲ್ಲ ಹೇಗೆ ಗೊತ್ತಣ್ಣ?’

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದ್ರು. ‘ನಂಗೇನು ಗೊತ್ತಿತ್ತು? ನಾವೂ ನಿಮ್ಮ ಹಾಗೇ ಬಡೀತಿದ್ವಿ. ಮೆಸ್ಸಲ್ಲಿ ಬಡಿಸ್ತಿದ್ದ ಅಣ್ಣ ಬಂದು ಕಿತ್ಕೊಂಡು ತೋರಿಸಿಕೊಟ್ಟಿದ್ದು. ಅವರು ಹಾವೇರಿ ಕಡೆಯವರು, ಊರಲ್ಲಿ ಡೊಳ್ಳು ಬಾರಿಸ್ತಿದ್ರಂತೆ. ರೆಕಾರ್ಡಿಂಗ್‌ನಲ್ಲಿ ಇರೋದೂ ಅವರ ಕೈನೇ.’

ಆ ಅಣ್ಣನನ್ನ ನಾನು ನೋಡಿದ್ದೆ. ಮೊದಲ ವರ್ಷ ನನಗೆ ಎಷ್ಟೋ ರಾತ್ರಿ ಕೇಳದೇ ಇನ್ನೊಂದು ಸೌಟು ಸಾರು ಹಾಕಿದವರು. ನಾನು ಎರಡನೇ ವರ್ಷಕ್ಕೆ ಬರೋಷ್ಟರಲ್ಲಿ ಮೆಸ್ ಕಾಂಟ್ರಾಕ್ಟ್ ಬದಲಾಯ್ತು, ಅವರು ಹೊರಟು ಹೋದರು. ಅಷ್ಟು ವರ್ಷ ಪ್ರತಿ ರಾಜ್ಯೋತ್ಸವಕ್ಕೂ ಹಾಲ್ ಪೂರ್ತಿ ಡೆಸ್ಕ್ ಬಡೀತಿದ್ದದ್ದು ಅವರ ತಾಳ. ಅವರು ಆಗ ಪಕ್ಕದ ಬಿಲ್ಡಿಂಗಿನಲ್ಲಿ ರಾತ್ರಿ ಊಟಕ್ಕೆ ತಟ್ಟೆ ಜೋಡಿಸ್ತಿದ್ದಿರಬೇಕು. ಯಾವ ಕಿರುಚಿತ್ರದ ಕೊನೆಯಲ್ಲೂ ಅವರ ಹೆಸರಿಲ್ಲ. ಸೀನಿಯರ್ ಅಂದ್ರು, ‘ಹಾಕ್ಬೇಕು ಅಂತ ಹೊಳೀಲೇ ಇಲ್ಲ ಕಣೋ. ಲೋಗೋಗೆ ಯಾರು ಹೆಸರು ಹಾಕ್ತಾರೆ?’ ಅವರ ದನಿಯಲ್ಲಿ ಬೇಜಾರಿತ್ತು.

ನಂಬರ್ ಸಿಕ್ಕಿತು. ಫೋನ್ ಮಾಡಿದೆ. ಈಗ ಊರಲ್ಲೇ ಇದ್ದಾರೆ, ಬಸ್ ಸ್ಟ್ಯಾಂಡ್ ಹತ್ತಿರ ಚಹಾದ ಅಂಗಡಿ. ನಾನು ಕಥೆಯೆಲ್ಲ ಹೇಳಿ, ಫೋಲ್ಡರ್ ಡಿಲೀಟ್ ಮಾಡಿದ್ದು ನಾನೇ ಅಂತಲೂ ಹೇಳಿ, ಸಾರಿ ಅಂದೆ. ಅವರು ನಕ್ಕರು. ‘ಅದರಾಗ ನಂದೇನೈತಿ ತಮ್ಮಾ. ಹುಡುಗ್ರು ತಪ್ಪು ಬಡೀತಿದ್ರು, ಅಷ್ಟ ಹೇಳ್ಕೊಟ್ಟೆ.’ ಆಮೇಲೆ ಕೇಳಿದರು, ‘ಇನ್ನೂ ಹಾಕ್ತೀರೇನು ಅದನ್ನ?’

‘ಹಾಕ್ತೀವಣ್ಣ’ ಅಂದೆ. ಆಗ ಹಾಕ್ತಿರಲಿಲ್ಲ. ಹೇಳಿದ ಮೇಲೆ ಹಾಕಲೇಬೇಕಾಯ್ತು.

ಎರಡು ವಾರ ಆದ್ಮೇಲೆ ಅವರೇ ಒಂದು ಆಡಿಯೋ ಕಳಿಸಿದರು. ಅಂಗಡಿ ಮುಚ್ಚಿದ ಮೇಲೆ ರೆಕಾರ್ಡ್ ಮಾಡಿದ್ದಂತೆ. ಬಕೆಟ್ಟೇ, ಡೊಳ್ಳಲ್ಲ. ‘ನಿಮ್ಮದು ಬಕೆಟ್ಟಿನ ಸದ್ದು, ಡೊಳ್ಳು ಹಾಕಿದ್ರ ಬ್ಯಾರೆ ಆಗ್ತದ’ ಅಂತ ಅವರೇ ಹೇಳಿದ್ದು. ದೂರದಲ್ಲಿ ಒಂದು ಬಸ್ಸಿನ ಹಾರ್ನ್ ಕೇಳುತ್ತೆ. ಅದನ್ನ ನಾನು ಎಡಿಟ್ ಮಾಡಿ ತೆಗೆದಿಲ್ಲ.

ಈ ನವೆಂಬರ್‌ಗೆ ಲೋಗೋ ಮತ್ತೆ ರೆಂಡರ್ ಮಾಡಿದ್ದೀನಿ. ಗೋಪುರ ತೆಗೆದೆ, ಅದು ಅವರದ್ದು. ನಮ್ಮ ಹಾಸ್ಟೆಲ್ ಬೀದಿ ಮಾಡಿದ್ದೀನಿ. ಜೆರಾಕ್ಸ್ ಅಂಗಡಿ, ಬೇಕರಿ, ಮೊಬೈಲ್ ರಿಪೇರಿ. ಸರ್ಚ್‌ಲೈಟ್ ಬದಲು ಒಂದು ಟಾರ್ಚ್ ಬೀಸುತ್ತೆ. ಕ್ಯಾಮೆರಾ ಎಲ್ಲಾ ಸುತ್ತಿ ಬಂದು ರಟ್ಟಿನ ಅಕ್ಷರಗಳ ಹಳೇ ಕೋನದಲ್ಲೇ ನಿಲ್ಲುತ್ತೆ. ಮತ್ತೆ 480 ಫ್ರೇಮು, ಮತ್ತೆ 32 ಗಂಟೆ. ಸೀನಿಯರ್‌ಗೆ ಮೊದಲೇ ಕಳಿಸಿ ಒಪ್ಪಿಗೆ ತಗೊಂಡೆ. ‘ನನ್ನ ಮೊಣಕೈ ಎಲ್ಲೋ?’ ಅಂತ ಕೇಳಿದ್ರು. ಅದನ್ನೂ ಮಾಡೆಲ್ ಮಾಡಿ ಮೂಲೆಯಲ್ಲಿ ಇಟ್ಟಿದ್ದೀನಿ.

ಬೀದಿಯ ಕೊನೆಯಲ್ಲಿ, ಬೇಕರಿ ಪಕ್ಕ, ಒಂದು ಪುಟ್ಟ ಚಹಾದ ಅಂಗಡಿ ಇದೆ. ಅದರ ಬೋರ್ಡಿನ ಮೇಲೆ ಒಂದು ಹೆಸರಿದೆ. ಆ ಹೆಸರನ್ನ ಇಲ್ಲಿ ಬರೆಯಲ್ಲ. ಹದಿನಾಲ್ಕನೇ ಸೆಕೆಂಡಿನಲ್ಲಿ ಟಾರ್ಚ್ ಬೆಳಕು ಅದರ ಮೇಲೆ ಹಾದು ಹೋಗುತ್ತೆ, ಹತ್ತು ಹನ್ನೆರಡು ಫ್ರೇಮ್ ಅಷ್ಟೇ. ಡೆಸ್ಕ್ ಬಡಿಯೋದ್ರಲ್ಲಿ ಮೈಮರೆತು ಮಿಸ್ ಮಾಡ್ಕೋಬೇಡಿ.